ಗೆಲುವು ಮತ್ತು ಗುರುತನ: ಗರಡಿಯ ಮಟ್ಟಿಯಿಂದ ಕಾಲೇಜು ಮೈದಾನದವರೆಗೆ

ಕಾಲೇಜಿನ ಫುಟ್‌ಬಾಲ್ ತಂಡವೊಂದು ಕಪ್ ಗೆದ್ದು ಬಂದಾಗ ಅದರ ತರಬೇತುದಾರನು ಹುಡುಗರಿಗೆ ಏನನ್ನು ಕಲಿಸಿದನು, ಹೇಗೆ ಕಲಿಸಿದನು, ಅವರ ಮೈಯನ್ನೂ ಮನಸ್ಸನ್ನೂ ಹೇಗೆ ನಡೆಸಿಕೊಂಡನು ಎಂದು ಕೇಳುವವರು ವಿರಳ. ಅದೇ ತಂಡ ಸೋತು ಬಂದರೆ ಈ ಪ್ರಶ್ನೆಗಳೆಲ್ಲ ಒಂದೇ ದಿನದಲ್ಲಿ ಏಳುತ್ತವೆ. ಗೆದ್ದವನ ತಪ್ಪಿಗೆ ಮಾಫಿ, ಸೋತವನ ಒಳ್ಳೆಯತನಕ್ಕೂ ಶಿಕ್ಷೆ ಎಂಬ ಈ ರೂಢಿ ಇಂದಿನ ಶಿಕ್ಷಣ ಸಂಸ್ಥೆಗಳಲ್ಲಿ ಎಷ್ಟು ಸಹಜವಾಗಿ ಬೇರೂರಿದೆಯೆಂದರೆ, ಆಟ ಕಲಿಸುವ ವೃತ್ತಿಗೆ ಬೇರೊಂದು ಅಳತೆಗೋಲು ಇದ್ದಿತೆಂಬುದೇ ಮರೆತುಹೋಗಿದೆ. ಆದರೆ ಬೆಂಗಳೂರಿನ ಸುತ್ತಮುತ್ತಲ ನಾಡಿನಲ್ಲಿ ಮೈ ಪಳಗಿಸುವ ವಿದ್ಯೆಗೆ ದೀರ್ಘವಾದ ಇತಿಹಾಸವಿದೆ. ಆ ಇತಿಹಾಸವನ್ನು ನೋಡಿದರೆ ಗೆಲುವನ್ನೂ ಗುರುತನವನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದೆಂಬ ವಿವೇಕ ಇಲ್ಲಿ ಬಹಳ ಹಿಂದೆಯೇ ಇದ್ದುದು ಕಾಣುತ್ತದೆ, ಮತ್ತು ಆ ವಿವೇಕವನ್ನು ಕಳೆದುಕೊಂಡುದಕ್ಕೆ ತೆತ್ತ ಬೆಲೆಯೂ ಕಾಣುತ್ತದೆ.

ಬೆಂಗಳೂರು ಗ್ರಾಮಾಂತರ ಜಿಲ್ಲೆ 1986ರಲ್ಲಿ ಹಳೆಯ ಬೆಂಗಳೂರು ಜಿಲ್ಲೆಯಿಂದ ಬೇರ್ಪಟ್ಟಿತು; 2007ರಲ್ಲಿ ರಾಮನಗರ ಜಿಲ್ಲೆ ಪ್ರತ್ಯೇಕವಾದ ಮೇಲೆ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಎಂಬ ನಾಲ್ಕು ತಾಲ್ಲೂಕುಗಳು ಅದರಲ್ಲಿ ಉಳಿದವು. ಈ ಸೀಮೆಯಲ್ಲಿ ಮೈವಿದ್ಯೆ ಕಲಿಸುವ ವೃತ್ತಿ ಮೂರು ರೂಪ ತಾಳಿದೆ: ಮೊದಲನೆಯದು ಗರಡಿಯ ವಸ್ತಾದಿ, ಅಂದರೆ ಕುಸ್ತಿಯ ಗುರು, ಎರಡನೆಯದು ಶಾಲೆಯ ಡ್ರಿಲ್ ಮಾಸ್ತರು, ಕಾಲೇಜಿನಲ್ಲಿ ಅವನದೇ ಮುಂದಿನ ರೂಪವಾದ ದೈಹಿಕ ಶಿಕ್ಷಣ ನಿರ್ದೇಶಕ, ಮೂರನೆಯದು ಒಂದೇ ಆಟದಲ್ಲಿ ಪರಿಣತಿ ಪಡೆದು ಪ್ರಮಾಣಪತ್ರ ಹೊಂದಿರುವ ಕೋಚ್. ಮೂವರೂ ಮಾಡುವುದು ಒಂದೇ ಕೆಲಸ. ಅವರ ಯೋಗ್ಯತೆಯನ್ನು ಅಳೆಯುವ ಬಗೆ ಮಾತ್ರ ಕಾಲದಿಂದ ಕಾಲಕ್ಕೆ ಬದಲಾಗಿದೆ.

ಶಾಸ್ತ್ರವಾಗಿ ಸಾಧನೆ

ಪಳಗಿಸುವ ಕೆಲಸವನ್ನು ಒಂದು ಶಾಸ್ತ್ರವೆಂದು ಕಂಡ ಪರಂಪರೆಯ ಒಂದು ಎಳೆ ಈ ಜಿಲ್ಲೆಯೊಳಗೇ ಸಿಗುತ್ತದೆ. ನೆಲಮಂಗಲ ತಾಲ್ಲೂಕಿನ ಮಣ್ಣೆ ಇಂದು ಒಂದು ಸಣ್ಣ ಊರಾದರೂ, 8ನೆಯ ಶತಮಾನದಲ್ಲಿ ಅದು ಮಾನ್ಯಪುರವೆಂಬ ಹೆಸರಿನಿಂದ ಗಂಗರ ರಾಜಧಾನಿಯಾಗಿತ್ತು, ಮತ್ತು ಅಲ್ಲಿಂದ ಆಳಿದ ಶ್ರೀಪುರುಷನು ಆನೆಗಳ ವಿಷಯವಾಗಿ 'ಗಜಶಾಸ್ತ್ರ'ವನ್ನು ರಚಿಸಿದನೆಂದು ಪ್ರಸಿದ್ಧಿಯಿದೆ. ಯುದ್ಧದಲ್ಲಿ ಆನೆ ತಂದುಕೊಡುವ ಜಯಕ್ಕಷ್ಟೇ ತೃಪ್ತನಾಗದೆ ಆನೆಯನ್ನು ಅರಿಯುವ ವಿದ್ಯೆಯನ್ನೇ ಗ್ರಂಥಕ್ಕಿಳಿಸಲು ದೊರೆಯೊಬ್ಬನು ತೊಡಗಿದನೆಂಬುದು ಗಮನಿಸಬೇಕಾದ ಸಂಗತಿ.

ಮನುಷ್ಯರ ಮೈಸಾಧನೆಯ ವಿಷಯದಲ್ಲಿ ಇದಕ್ಕಿಂತ ಸ್ಪಷ್ಟವಾದ ಆಧಾರ 12ನೆಯ ಶತಮಾನದ್ದು. ಕಲ್ಯಾಣದ ಚಾಳುಕ್ಯ ದೊರೆ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ'ದಲ್ಲಿ ಮಲ್ಲವಿನೋದ, ಎಂದರೆ ಕುಸ್ತಿಯ ವಿನೋದ, ಎಂಬ ಅಧ್ಯಾಯವೇ ಇದ್ದು, ಅದರಲ್ಲಿ ಮಲ್ಲರನ್ನು ವಯಸ್ಸು, ಮೈಕಟ್ಟು ಮತ್ತು ಬಲಗಳಿಗೆ ಅನುಸಾರವಾಗಿ ವರ್ಗಗಳಾಗಿ ವಿಂಗಡಿಸಲಾಗಿದೆ. ಅವರು ಮಾಡಬೇಕಾದ ಶ್ರಮಗಳನ್ನು, ಅಂದರೆ ಭಾರ ಎತ್ತುವುದು, ನೀರಿನಲ್ಲಿ ಈಜುವುದು, ಕಂಬದ ಮೇಲೆ ಸಾಧನೆ ಮಾಡುವುದು ಮುಂತಾದವನ್ನು, ಹೆಸರಿಸಿ, ಅವರಿಗೆ ಬೇಳೆ, ಮಾಂಸ, ಹಾಲು, ಸಕ್ಕರೆಗಳನ್ನು ಒದಗಿಸುವುದು ರಾಜನ ಹೊಣೆಯೆಂದು ಹೇಳಲಾಗಿದೆ. ಈ ವಿಂಗಡಣೆಯ ಹಿಂದಿನ ತಿಳಿವಳಿಕೆ ಸರಳವಾದರೂ ಆಳವಾದುದು: ಕಲಿಸುವವನ ಮೊದಲ ಕೆಲಸ ಶಿಷ್ಯನ ಅಳವನ್ನು ಅರಿಯುವುದು, ಮತ್ತು ಎಳೆಯನನ್ನು ಬಲಿತವನ ಎದುರು ನಿಲ್ಲಿಸದಿರುವುದು. ಮಲ್ಲನು ಅಖಾಡಕ್ಕೆ ಇಳಿಯುವ ಮೊದಲೇ ಅವನ ಅನ್ನ, ಶ್ರಮ, ವಯಸ್ಸುಗಳ ಲೆಕ್ಕ ಇಲ್ಲಿ ಮುಗಿದಿರುತ್ತದೆ. ಗೆಲುವು ಆ ಲೆಕ್ಕದ ಕೊನೆಗೆ ಬರುವ ಮಾತು.

ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಕೃಷ್ಣದೇವರಾಯನು ಬೆಳಗು ಹರಿಯುವ ಮುನ್ನ ಎಳ್ಳೆಣ್ಣೆ ಕುಡಿದು, ಮೈಗೆಲ್ಲ ಅದನ್ನೇ ತಿಕ್ಕಿಸಿಕೊಂಡು, ಮಣ್ಣಿನ ಭಾರಗಳನ್ನು ಎತ್ತಿ, ಎಣ್ಣೆಯೆಲ್ಲ ಬೆವರಾಗಿ ಇಳಿಯುವವರೆಗೆ ಕತ್ತಿವರಸೆ ಮಾಡಿ, ಬಳಿಕ ತನ್ನ ಜಟ್ಟಿಗಳಲ್ಲಿ ಒಬ್ಬನೊಡನೆ ಕುಸ್ತಿ ಆಡುತ್ತಿದ್ದನೆಂದು ಬರೆದಿದ್ದಾನೆ. ಸ್ಪರ್ಧೆಯೇ ಇಲ್ಲದ, ನೋಡುವವರೂ ಇಲ್ಲದ ಬೆಳಗಿನ ಸಾಮು ಇದು. ಮೈಸೂರು ಅರಮನೆಯಲ್ಲಿ ದಸರೆಯ ವಿಜಯದಶಮಿಯಂದು ಜಟ್ಟಿಗಳು ನಡೆಸುವ ವಜ್ರಮುಷ್ಟಿ ಕಾಳಗದಲ್ಲಿಯೂ ಇದಕ್ಕೆ ಹೊಂದುವ ಒಂದು ಸಂಯಮವಿದೆ: ಎದುರಾಳಿಯ ತಲೆಯಿಂದ ರಕ್ತ ಚಿಮ್ಮಿದ ಕೂಡಲೇ ಕಾಳಗ ಮುಗಿಯುತ್ತದೆ. ಗೆಲುವು ಎಲ್ಲಿಯವರೆಗೆ ಹೋಗಬಹುದು ಎಂಬ ಗೆರೆಯನ್ನು ಕಲಿಸುವವರ ಸಂಪ್ರದಾಯವೇ ಎಳೆದಿಟ್ಟಿದೆ.

ಗರಡಿಯ ನೆಲ

ಅರಮನೆಯ ಈ ವಿದ್ಯೆ ಊರುಗಳಿಗೆ ಇಳಿದುದು ಗರಡಿಮನೆಗಳ ಮೂಲಕ. ಹಳೆ ಮೈಸೂರು ಸೀಮೆಯ ಗರಡಿ ಸಾಮಾನ್ಯವಾಗಿ ತಗ್ಗಾದ ಬಾಗಿಲಿನ, ಒಳಗೆ ಮಬ್ಬುಗತ್ತಲೆಯ ಒಂದು ಕಟ್ಟಡ. ಗೋಡೆಯಲ್ಲಿ ಆಂಜನೇಯ, ಮೂಲೆಯಲ್ಲಿ ಗದೆ ಮತ್ತು ಕಲ್ಲಿನ ಭಾರಗಳು, ನಡುವೆ ಮಟ್ಟಿ. ಮಟ್ಟಿಯೆಂದರೆ ಕುಸ್ತಿಯಾಡಲು ಹದಗೊಳಿಸಿದ ಕೆಮ್ಮಣ್ಣಿನ ಅಂಕಣ. ಕಲ್ಲು, ಬೇರು ಒಂದೂ ಉಳಿಯದಂತೆ ಜರಡಿ ಹಿಡಿದ ಮಣ್ಣಿಗೆ ಎಣ್ಣೆ, ಅರಿಶಿನ, ಮಜ್ಜಿಗೆ, ನಿಂಬೆರಸ ಮುಂತಾದವನ್ನು ಬೆರೆಸಿ, ಅದು ಗಟ್ಟಿಯಾಗದಂತೆ ದಿನವೂ ಸನಿಕೆಯಿಂದ ಅಗೆದು ಮಗುಚುತ್ತಾರೆ. ಹೊಸದಾಗಿ ಸೇರಿದ ಹುಡುಗನಿಗೆ ಮೊದಲು ಬರುವ ಕೆಲಸವೇ ಈ ಅಗೆತ. ಅದು ಅವನಿಗೆ ಕಸರತ್ತು, ನಾಳೆ ಆ ಮಣ್ಣಿನ ಮೇಲೆ ಬೀಳುವವನಿಗೆ ರಕ್ಷೆ. ಆಮೇಲೆ ದಂಡ, ಬಸ್ಕಿಗಳು, ಆಮೇಲೆ ಬೀಳುವ ಬಗೆ, ಕೊನೆಯಲ್ಲಿ ಎದುರಾಳಿಯನ್ನು ಕೆಡಹುವ ಪಟ್ಟುಗಳು. ಕೆಡಹುವುದಕ್ಕಿಂತ ಮೊದಲು ಬೀಳುವುದನ್ನು ಕಲಿಸುವ ಈ ಕ್ರಮದಲ್ಲಿ ಗುರುತನದ ಸಾರವೇ ಅಡಗಿದೆ. ಏಕೆಂದರೆ ಶಿಷ್ಯನು ಗೆಲ್ಲುವನೋ ಇಲ್ಲವೋ ಯಾರೂ ಹೇಳಲಾರರು, ಆದರೆ ಅವನು ಸಾವಿರ ಸಲ ಬೀಳುವನೆಂಬುದು ಖಚಿತ.

ಗರಡಿಯ ವ್ಯವಹಾರದಲ್ಲಿ 'ಜೋಡಿ ಕಟ್ಟುವುದು' ಎಂಬ ಮಾತಿಗೆ ವಿಶೇಷ ತೂಕವಿದೆ. ಜಾತ್ರೆಯ ಕುಸ್ತಿಗೆ ಮುನ್ನ ಯಾರಿಗೆ ಯಾರು ಸರಿಸಾಟಿ ಎಂದು ಹಿರಿಯರು ಕೂಡಿ ತೀರ್ಮಾನಿಸುವ ಪದ್ಧತಿಗೆ ಈ ಹೆಸರು. ಗೆಲುವೊಂದೇ ಗುರಿಯಾಗಿದ್ದರೆ ತನ್ನ ಶಿಷ್ಯನಿಗೆ ಸೋಲುವಂಥ ಎದುರಾಳಿಯನ್ನೇ ವಸ್ತಾದಿ ಹುಡುಕಬೇಕಿತ್ತು. ಆದರೆ ಸಮಜೋಡಿಯಲ್ಲದ ಕುಸ್ತಿಯಲ್ಲಿ ಗೆದ್ದವನಿಗೆ ಮರ್ಯಾದೆಯಿಲ್ಲವೆಂಬುದು ನೋಡುವ ಜನರಿಗೂ ಗೊತ್ತಿದ್ದುದರಿಂದ ಅಂಥ ಗೆಲುವು ಗುರುವಿಗೆ ಹೆಸರು ತರುತ್ತಿರಲಿಲ್ಲ. ಸಮಬಲರ ಕುಸ್ತಿ ಅರ್ಧ ಗಂಟೆ ಕಳೆದರೂ ಇತ್ಯರ್ಥವಾಗದೆ ಇಬ್ಬರನ್ನೂ ಸರಿಸಮವೆಂದು ಸಾರಿ ಬಿಡಿಸಿದಾಗ ಇಬ್ಬರ ಗರಡಿಗಳಿಗೂ ಕೀರ್ತಿ ಬರುತ್ತಿತ್ತು. ಪಟ್ಟು ಸ್ವಚ್ಛವಾಗಿದ್ದಿತೇ, ದಮ್ಮು ಕೊನೆಯವರೆಗೆ ನಿಂತಿತೇ, ಸೋತಾಗ ಶಿಷ್ಯನು ಎದ್ದು ಮಟ್ಟಿಗೆ ಕೈಮುಗಿದನೇ ಎಂಬುದನ್ನೆಲ್ಲ ನೋಡುವ ಕಣ್ಣು ಆ ಜನಸಮೂಹಕ್ಕೆ ಇತ್ತು. ಇಂದಿಗೂ ಬೆಂಗಳೂರಿನ ಕರಗದಲ್ಲಿ ಕತ್ತಿ ಹಿಡಿದು ಕರಗವನ್ನು ಸುತ್ತುವರಿದು ಸಾಗುವ ವೀರಕುಮಾರರಿಗೂ ಗರಡಿಗೂ ಇರುವ ನಂಟು, ಈ ಸಾಧನೆ ಪಂದ್ಯಕ್ಕಾಗಿ ಮಾತ್ರ ಇದ್ದುದಲ್ಲ ಎಂಬುದಕ್ಕೆ ಸಾಕ್ಷಿಯಾಗಿದೆ.

ಹಾಗೆಂದು ಗರಡಿಯನ್ನು ದೋಷವಿಲ್ಲದ ವಿದ್ಯಾಲಯವೆಂದು ಭಾವಿಸಬೇಕಾಗಿಲ್ಲ. ಹೆಣ್ಣುಮಕ್ಕಳಿಗೆ ಅದರ ಬಾಗಿಲು ತೆರೆದಿರಲಿಲ್ಲ. ವಸ್ತಾದಿಯ ಮಾತಿಗೆ ಎದುರು ಮಾತೂ ಇರಲಿಲ್ಲ. ವಿದ್ಯೆಯನ್ನು ಬಚ್ಚಿಡುವ ಚಾಳಿಯೂ ಇತ್ತು. 13ನೆಯ ಶತಮಾನದ ಪಾರಸಿ ಲೇಖಕ ಸಾದಿಯ 'ಗುಲಿಸ್ತಾನ್' ಗ್ರಂಥದಲ್ಲಿ, 360 ಪಟ್ಟುಗಳನ್ನು ಬಲ್ಲ ಜಟ್ಟಿಯೊಬ್ಬ ಪ್ರಿಯ ಶಿಷ್ಯನಿಗೆ 359ನ್ನು ಮಾತ್ರ ಕಲಿಸಿ, ಸೊಕ್ಕಿದ ಶಿಷ್ಯ ತನ್ನ ಮೇಲೆಯೇ ಬಂದಾಗ ಉಳಿಸಿಕೊಂಡಿದ್ದ ಒಂದರಿಂದ ಅವನನ್ನು ಕೆಡಹಿದ ಕಥೆಯಿದೆ. ಕಥೆ ಗುರುವಿನ ಜಾಣ್ಮೆಯನ್ನು ಮೆಚ್ಚಿದರೂ, ಗೆಲ್ಲುವ ಆಸೆ ಗುರುವಿಗೂ ಉಳಿದಿದ್ದರೆ ಕಲಿಕೆ ಅಪೂರ್ಣವಾಗುತ್ತದೆಂಬ ಕಹಿ ಸತ್ಯವೂ ಅದರಲ್ಲಿದೆ. ಗರಡಿಯಿಂದ ಉಳಿಸಿಕೊಳ್ಳಬೇಕಾದುದು ಅದರ ಅಧಿಕಾರವಲ್ಲ, ಅದರ ಕಲಿಕೆಯ ಕ್ರಮ.

ದಂಡಿನ ಆಟ, ದಣಿಯದ ಕಾಲುಗಳು

ಫುಟ್‌ಬಾಲ್ ಈ ನಾಡಿಗೆ ಬಂದುದು ಬೇರೆ ದಾರಿಯಿಂದ. 1809ರಲ್ಲಿ ಬ್ರಿಟಿಷರು ಬೆಂಗಳೂರಿನಲ್ಲಿ ಸ್ಥಾಪಿಸಿದ ದಂಡು ಪ್ರದೇಶದ ಪಡೆಗಳ ಆಟ ಸುತ್ತಲಿನ ಬಡಾವಣೆಗಳ ಹುಡುಗರ ಕಾಲಿಗೆ ಅಂಟಿತು. ಹಲಸೂರು, ಆಸ್ಟಿನ್ ಟೌನ್, ಗೌತಮಪುರದಂಥ ಕಡೆಗಳಲ್ಲಿ ಅದು ಬೀದಿಯ ಬದುಕಾಯಿತು. ಬೆಂಗಳೂರು ಮುಸ್ಲಿಮ್ಸ್ ತಂಡ 1937 ಮತ್ತು 1938ರಲ್ಲಿ ಸತತವಾಗಿ ಮುಂಬಯಿಯ ರೋವರ್ಸ್ ಕಪ್ ಗೆದ್ದಿತು. ರಾಜ್ಯತಂಡಗಳ ನಡುವಣ ಪಂದ್ಯಾವಳಿಯಾದ ಸಂತೋಷ್ ಟ್ರೋಫಿ 1941ರಲ್ಲಿ ಆರಂಭವಾಗಿ, ಮೈಸೂರು ತಂಡ ಅದನ್ನು 1946-47, 1952-53, 1967-68 ಮತ್ತು 1968-69ರಲ್ಲಿ, ಒಟ್ಟು ನಾಲ್ಕು ಬಾರಿ, ಗೆದ್ದಿತು. ಅಹ್ಮದ್ ಖಾನ್ ಮತ್ತು ಧನರಾಜ್ ಕಲ್ಕತ್ತೆಯ ಈಸ್ಟ್ ಬೆಂಗಾಲ್ ತಂಡಕ್ಕೆ ಹೋಗಿ, ಅಲ್ಲಿನ ಜನ 'ಪಂಚಪಾಂಡವರು' ಎಂದು ಕರೆದ ಐವರು ಮುಂಚೂಣಿ ಆಟಗಾರರ ಸಾಲಿಗೆ ಸೇರಿದರು.

ಈ ವಿಜಯಗಳ ಕಾಲದಲ್ಲಿ ಕಲಿಸುವ ವ್ಯವಸ್ಥೆ ಎಂಥದಿತ್ತು ಎಂದು ಕೇಳಿದರೆ ಉತ್ತರ ಬಡವಾಗಿದೆ. ದೇಶದಲ್ಲಿ ತರಬೇತುದಾರರನ್ನೇ ತಯಾರು ಮಾಡುವ ರಾಷ್ಟ್ರೀಯ ಕ್ರೀಡಾ ಸಂಸ್ಥೆ ಪಟಿಯಾಲದಲ್ಲಿ ಆರಂಭವಾದುದು 1961ರಲ್ಲಿ. ಅಂದರೆ ಮೈಸೂರು ಮೊದಲೆರಡು ಬಾರಿ ಟ್ರೋಫಿ ಗೆದ್ದಾಗ ಅಂಥ ಸಂಸ್ಥೆಯೇ ಇರಲಿಲ್ಲ. ಬೀದಿಯೇ ಶಾಲೆ, ಹಿರಿಯ ಆಟಗಾರನೇ ಗುರು. ಈ ಶಾಲೆ ಕೊಟ್ಟ ಚೆಂಡಿನ ಹಿಡಿತ ಅಸಾಧಾರಣವಾದುದು, ಆದರೆ ಅದರ ಕೊರತೆ ದೊಡ್ಡ ಕಣದಲ್ಲಿ ಬಯಲಾಯಿತು. 1948ರ ಜುಲೈ 31ರಂದು ಲಂಡನ್ ಒಲಿಂಪಿಕ್ಸ್‌ನಲ್ಲಿ ಸ್ವತಂತ್ರ ಭಾರತ ಫ್ರಾನ್ಸನ್ನು ಎದುರಿಸಿದಾಗ ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಿನಲ್ಲಿ ಆಡಿದರು. ಬೆಂಗಳೂರಿನ ಸಾರಂಗಪಾಣಿ ರಾಮನ್ ಗೋಲು ಹೊಡೆದು ಸ್ಕೋರು ಸಮ ಮಾಡಿದರು. ಆದರೆ ಭಾರತ ಎರಡು ಪೆನಾಲ್ಟಿ ಒದೆತಗಳನ್ನು ವ್ಯರ್ಥಗೊಳಿಸಿ 1-2ರಿಂದ ಸೋತಿತು. ಪೆನಾಲ್ಟಿ ಎಂದರೆ ಗೋಲುಗಾರನೊಬ್ಬನೇ ಎದುರಿಗಿರುವಾಗ 12 ಗಜ ದೂರದಿಂದ ಒದೆಯುವ ಅವಕಾಶ; ಅಭ್ಯಾಸದಿಂದಲೇ ಪಳಗಬೇಕಾದ, ತರಬೇತಿಯ ಕೊರತೆಯನ್ನು ಒಡನೆ ತೋರಿಸಿಬಿಡುವ ಒದೆತ ಅದು. 1952ರಲ್ಲಿ ಹೆಲ್ಸಿಂಕಿಯ ಚಳಿಯಲ್ಲಿ ಯುಗೊಸ್ಲಾವಿಯಾ ಭಾರತವನ್ನು 10-1ರಿಂದ ಸೋಲಿಸಿತು. ಆ ಒಂದು ಗೋಲು ಅಹ್ಮದ್ ಖಾನರದು. ಬೂಟು ಕಡ್ಡಾಯವಾದುದು ಆ ಸೋಲಿನ ನಂತರ.

ಆ ತಂಡದ ತರಬೇತುದಾರ ಹೈದರಾಬಾದಿನ ಸೈಯದ್ ಅಬ್ದುಲ್ ರಹೀಂ. ಅವರು ಮೂಲತಃ ಶಾಲಾ ಶಿಕ್ಷಕರು. ಹತ್ತು ಗೋಲುಗಳ ಸೋಲನ್ನೇ ಅಳತೆಗೋಲಾಗಿ ಹಿಡಿದಿದ್ದರೆ ಅವರ ವೃತ್ತಿ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಅವರು ತಮ್ಮ ಊರಿನಲ್ಲಿ, ಚೆಂಡನ್ನು ಕಾಲಲ್ಲೇ ಇಟ್ಟುಕೊಂಡು ಓಡುವುದನ್ನು ನಿಷೇಧಿಸಿ ಕೂಡಲೇ ಪಾಸ್ ಮಾಡಲೇಬೇಕಾದ ಪಂದ್ಯಾವಳಿಗಳನ್ನೂ, ಪಳಗದ ಕಾಲಿನಿಂದ ಮಾತ್ರ ಒದೆಯಬೇಕಾದ ಪಂದ್ಯಾವಳಿಗಳನ್ನೂ ನಡೆಸಿದ ಗುರು. ಇಂಥ ಪಂದ್ಯದಲ್ಲಿ ಗೆದ್ದವರು ಯಾರೆಂಬುದು ಮುಖ್ಯವಲ್ಲ. ಪ್ರತಿಯೊಬ್ಬನಿಗೂ ತನ್ನ ಕೊರತೆಯೇ ಪಾಠವಾಗುವಂತೆ ಆಟದ ನಿಯಮವನ್ನು ಬಾಗಿಸಲಾಗಿದೆ. ನಾಲ್ಕು ವರ್ಷಗಳ ನಂತರ ಮೆಲ್ಬರ್ನ್‌ನಲ್ಲಿ ರಹೀಂ ನಡೆಸಿದ ತಂಡ ನಾಲ್ಕನೆಯ ಸ್ಥಾನ ಪಡೆಯಿತು, ಅದರಲ್ಲಿ ಬೆಂಗಳೂರಿನ ಕೆಂಪಯ್ಯನವರಿದ್ದರು. 1962ರಲ್ಲಿ ಜಕಾರ್ತಾದ ಏಷ್ಯನ್ ಕ್ರೀಡೆಗಳಲ್ಲಿ ದಕ್ಷಿಣ ಕೊರಿಯಾವನ್ನು 2-1ರಿಂದ ಸೋಲಿಸಿ ಚಿನ್ನ ಗೆದ್ದ ತಂಡದಲ್ಲಿ ಬೆಂಗಳೂರಿನ ಅರುಮೈನಾಯಗಂ ಇದ್ದರು. ಕ್ಯಾನ್ಸರ್ ಪೀಡಿತರಾಗಿದ್ದ ರಹೀಂ ಮರುವರ್ಷ ತೀರಿಕೊಂಡರು. ಹೆಲ್ಸಿಂಕಿಯ ಸೋಲು ಅವರ ಗುರುತನವನ್ನು ಅಲ್ಲಗಳೆಯಲಿಲ್ಲ. ಜಕಾರ್ತಾದ ಗೆಲುವಿಗೆ ಮುನ್ನವೇ ಅದು ಸಿದ್ಧವಾಗಿತ್ತು.

ಇದಕ್ಕೆ ಪ್ರತಿಯಾಗಿ ಮೈಸೂರಿನ ಕಥೆಯನ್ನು ಇಟ್ಟು ನೋಡಬೇಕು. 1968-69ರ ಟ್ರೋಫಿಯ ನಂತರ ರಾಜ್ಯದ ಹೆಸರು 1973ರಲ್ಲಿ ಕರ್ನಾಟಕವಾಯಿತು, ಎಚ್‌ಎಎಲ್, ಐಟಿಐಗಳಂಥ ಕಾರ್ಖಾನೆ ತಂಡಗಳು ಆಟಗಾರರಿಗೆ ನೌಕರಿ ಕೊಟ್ಟವು, ಆದರೆ ಆ ಟ್ರೋಫಿ ಮರಳಿ ಬರಲು 54 ವರ್ಷಗಳು ಬೇಕಾದವು. 2023ರ ಮಾರ್ಚ್ 4ರಂದು ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿದ ತಂಡ ಕರ್ನಾಟಕದ ಹೆಸರಿನಲ್ಲಿ ಅದನ್ನು ಮೊದಲ ಬಾರಿಗೆ ಎತ್ತಿಹಿಡಿಯಿತು. ಈ ದೀರ್ಘ ಬರಗಾಲಕ್ಕೆ ಕಾರಣಗಳು ಹಲವಿದ್ದರೂ, ಗೆದ್ದ ವರ್ಷಗಳಲ್ಲಿ ಬಿತ್ತದೇ ಉಳಿದುದು ಅವುಗಳಲ್ಲಿ ಮುಖ್ಯವಾದುದೆಂದು ಹೇಳಬೇಕಾಗುತ್ತದೆ. ದಂಡಿನ ಬೀದಿಗಳು ತಾವಾಗಿಯೇ ಪ್ರತಿಭೆಯನ್ನು ಕೊಡುತ್ತಿದ್ದಾಗ ಕಲಿಸುವವರನ್ನು ಬೆಳೆಸಬೇಕೆಂಬ ತುರ್ತು ಯಾರಿಗೂ ಕಾಣಲಿಲ್ಲ. ದಂಡಿನಿಂದ ಒಂದು ಹಗಲಿನ ನಡಿಗೆಯಷ್ಟು ದೂರದಲ್ಲಿದ್ದ ಹೊಸಕೋಟೆ, ದೇವನಹಳ್ಳಿಗಳ ಹುಡುಗರಿಗೆ ಆ ಆಟವನ್ನು ಕ್ರಮವಾಗಿ ಕಲಿಸುವ ಏರ್ಪಾಡು ಬೆಳೆಯಲಿಲ್ಲ. ದೊಡ್ಡಬಳ್ಳಾಪುರದ ನೇಕಾರರಿಗೆ ಗೊತ್ತಿರುವಂತೆ, ಸೆರಗಿನ ಮಿನುಗು ನೋಡಿ ಸೀರೆ ಮಾರಾಟವಾಗಬಹುದು, ಹಾಸಿನ ನೂಲು ಟೊಳ್ಳಾಗಿದ್ದರೆ ಅದು ಉಟ್ಟ ಮೇಲೆ ತಿಳಿಯುತ್ತದೆ.

ಕಾಲೇಜಿನ ಕಪಾಟು

ಕಾಲೇಜುಗಳಲ್ಲಿ ಆಟ ಕಲಿಸುವ ವೃತ್ತಿ ದಕ್ಷಿಣ ಭಾರತದಲ್ಲಿ ಸ್ಪಷ್ಟ ರೂಪ ಪಡೆದುದು 1920ರಲ್ಲಿ ಹ್ಯಾರಿ ಕ್ರೋ ಬಕ್ ಮದ್ರಾಸಿನಲ್ಲಿ ವೈಎಂಸಿಎ ದೈಹಿಕ ಶಿಕ್ಷಣ ಕಾಲೇಜನ್ನು ಆರಂಭಿಸಿದಾಗ. ಆಟವು ಶಿಕ್ಷಣದ ಅಂಗ, ಅದು ಪ್ರತಿಯೊಬ್ಬ ವಿದ್ಯಾರ್ಥಿಗೂ ಸೇರಿದ್ದು ಎಂಬ ತತ್ತ್ವ ಈ ವೃತ್ತಿಯ ಬುಡದಲ್ಲಿತ್ತು. ಬರಬರುತ್ತ ಅಂತರಕಾಲೇಜು ಮತ್ತು ಅಂತರವಿಶ್ವವಿದ್ಯಾಲಯ ಪಂದ್ಯಾವಳಿಗಳು ಬೆಳೆದವು; ವೃತ್ತಿಶಿಕ್ಷಣದ ಸೀಟುಗಳಲ್ಲಿಯೂ ನೌಕರಿಗಳಲ್ಲಿಯೂ ಕ್ರೀಡಾ ಮೀಸಲಾತಿ ಬಂದಿತು. ಅದು ಬಡ ಮನೆಯ ಮಕ್ಕಳಿಗೆ ದೊಡ್ಡ ಉಪಕಾರ ಮಾಡಿದುದು ನಿಜ. ಆದರೆ ಲೆಕ್ಕಕ್ಕೆ ಬರುವುದು ಪದಕದ ಪ್ರಮಾಣಪತ್ರವಾದುದರಿಂದ ಕಲಿಕೆಯ ಕಡೆಗಿದ್ದ ಗಮನ ಫಲಿತಾಂಶದ ಕಡೆಗೆ ಜಾರಿತು. ಪ್ರಾಂಶುಪಾಲರ ಕೊಠಡಿಯ ಗಾಜಿನ ಕಪಾಟಿನಲ್ಲಿ ಎಷ್ಟು ಕಪ್‌ಗಳಿವೆ ಎಂಬುದು ದೈಹಿಕ ಶಿಕ್ಷಣ ನಿರ್ದೇಶಕನ ಯೋಗ್ಯತೆಯ ಪಟ್ಟಿಯಾಯಿತು. ಬೇರೆಡೆ ಪಳಗಿದ ಆಟಗಾರನಿಗೆ ಶುಲ್ಕ ಮಾಫಿ ಮಾಡಿ ಸೀಟು ಕೊಟ್ಟು ಕರೆತಂದರೆ ಕಪ್ ಬರುತ್ತದೆ. ಅದೇ ಕಾಲೇಜಿನಲ್ಲಿ ಮೊದಲ ವರ್ಷಕ್ಕೆ ಸೇರಿದ, ಚೆಂಡನ್ನೇ ಮುಟ್ಟದ ಹಳ್ಳಿಯ ಹುಡುಗಿಗೆ ಮೂರು ವರ್ಷಗಳಲ್ಲಿ ಆಟ ಕಲಿಸಿದರೆ ಕಪಾಟಿಗೆ ಏನೂ ಬರುವುದಿಲ್ಲ. ಕಲಿತವರನ್ನು ಕೂಡಿಸುವುದನ್ನು ಕಲಿಸುವುದೆಂದು ಕರೆಯುವ ತಪ್ಪು ಹೀಗೆ ನಡೆಯುತ್ತದೆ.

ಅಮೆರಿಕದಲ್ಲಿ ಈ ತಪ್ಪು ಹೆಮ್ಮರವಾಗಿ ಬೆಳೆದಿದೆ. ಅಲ್ಲಿನ ಕಾಲೇಜು ಫುಟ್‌ಬಾಲ್ ಬೇರೆಯೇ ಆಟ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು, ಕವಚ ತೊಟ್ಟು, ಎದುರಾಳಿಯನ್ನು ಡಿಕ್ಕಿ ಹೊಡೆದು ಆಡುವಂಥದು. ಟೆಕ್ಸಾಸ್ ಎ ಅಂಡ್ ಎಂ ಕಾಲೇಜಿನ ತರಬೇತುದಾರ ಬೇರ್ ಬ್ರಯಂಟ್ 1954ರ ಸೆಪ್ಟೆಂಬರ್‌ನಲ್ಲಿ ತನ್ನ ತಂಡವನ್ನು ಜಂಕ್ಷನ್ ಎಂಬ ಊರಿಗೆ ಕರೆದೊಯ್ದು, ಬರಗಾಲದ ಬಿಸಿಲಿನಲ್ಲಿ ನೀರಿಗೂ ಬಿಡುವು ಕೊಡದೆ ಹತ್ತು ದಿನ ದುಡಿಸಿದನು. ಹುಡುಗರಲ್ಲಿ ಹೆಚ್ಚಿನವರು ಬಿಟ್ಟುಹೋದರು. ಆ ವರ್ಷ ತಂಡ ಹತ್ತರಲ್ಲಿ ಒಂಬತ್ತು ಪಂದ್ಯ ಸೋತಿತು. 1956ರಲ್ಲಿ ಒಂದನ್ನೂ ಸೋಲದೆ ತನ್ನ ವಲಯದ ಪ್ರಶಸ್ತಿ ಗೆದ್ದಿತು, ಮತ್ತು ಆ ಗೆಲುವಿನ ಬೆಳಕಿನಲ್ಲಿ ಜಂಕ್ಷನ್ನಿನ ಹತ್ತು ದಿನಗಳು ವೀರಗಾಥೆಯಾದವು. 2018ರಲ್ಲಿ ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಓಟದ ಅಭ್ಯಾಸದ ನಡುವೆ ಬಿಸಿಲಿನ ಆಘಾತಕ್ಕೆ ಸಿಕ್ಕಿ 19 ವರ್ಷದ ವಿದ್ಯಾರ್ಥಿಯೊಬ್ಬ ಪ್ರಾಣ ಕಳೆದುಕೊಂಡಾಗ, ಅಂಥ ವೀರಗಾಥೆಗಳು ಎಷ್ಟು ಅಪಾಯಕಾರಿಯೆಂಬುದು ಮತ್ತೊಮ್ಮೆ ಬಯಲಾಯಿತು. ಹಿಂಸೆಯನ್ನು ಸಹಿಸಿ ಉಳಿದವರು ಗೆದ್ದರೆಂದ ಮಾತ್ರಕ್ಕೆ ಗೆಲುವು ಹಿಂಸೆಯಿಂದ ಬಂತೆಂದು ಸಿದ್ಧವಾಗುವುದಿಲ್ಲ; ಬಿಟ್ಟುಹೋದವರ ಲೆಕ್ಕವನ್ನು ಯಾವ ಕಪ್ಪಿನ ಮೇಲೂ ಕೆತ್ತುವುದಿಲ್ಲ.

ಗೆಲುವಿಗೆ ಬೆಲೆಯಿಲ್ಲವೆಂಬುದು ಈ ವಿವೇಚನೆಯ ತಾತ್ಪರ್ಯವಲ್ಲ. ಗೆಲ್ಲುವ ಹಂಬಲವಿಲ್ಲದ ಆಟ ಆಟವೇ ಅಲ್ಲ, ಮತ್ತು ಒಂದು ಪದಕದಿಂದ ಪೊಲೀಸ್ ಇಲಾಖೆಯಲ್ಲೋ ರೈಲ್ವೆಯಲ್ಲೋ ಸಿಗುವ ನೌಕರಿ ಒಂದು ಮನೆತನದ ಹಣೆಬರಹವನ್ನೇ ಬದಲಿಸಬಲ್ಲದು. ಸದಾ ಸೋಲುವ ಗುರು ಸೋಲಿನಿಂದಲೇ ಒಳ್ಳೆಯವನಾಗುವುದೂ ಇಲ್ಲ. ಆದರೆ ಗೆಲುವು ಶಿಷ್ಯನ ಹಕ್ಕು, ಕಲಿಕೆ ಗುರುವಿನ ಹೊಣೆ. ಒಂದರ ಸಾಲವನ್ನು ಇನ್ನೊಂದರಿಂದ ತೀರಿಸಲಾಗದು. ತಂಡದ ದುರ್ಬಲ ಆಟಗಾರ ವರ್ಷದ ಕೊನೆಗೆ ಎಷ್ಟು ಮುಂದೆ ಬಂದನು, ಎಷ್ಟು ಜನ ಗಾಯವಿಲ್ಲದೆ ಉಳಿದರು, ಕಾಲೇಜು ಬಿಟ್ಟ ಮೇಲೆ ಎಷ್ಟು ಜನ ಆಡುತ್ತಿದ್ದಾರೆ, ಅವರಲ್ಲಿ ಎಷ್ಟು ಜನ ತಮ್ಮ ಊರಿನ ಮಕ್ಕಳಿಗೆ ಕಲಿಸುತ್ತಿದ್ದಾರೆ ಎಂಬವು ಕಪಾಟಿನಲ್ಲಿ ಇಡಲಾಗದ, ಆದರೆ ಎಣಿಸಲು ಬರುವ ಅಳತೆಗಳು.

ಗ್ರಾಮಾಂತರದ ಕಾಲೇಜು ಮೈದಾನಗಳಲ್ಲಿ ಹೆಚ್ಚಿನವು ಇಂದಿಗೂ ಕೆಮ್ಮಣ್ಣಿನವೇ. ಅದು ಗರಡಿಯ ಮಟ್ಟಿಯದೇ ಮಣ್ಣು. ಆದರೆ ಯಾರೂ ಅಗೆಯದ, ಜರಡಿ ಹಿಡಿಯದ ಆ ನೆಲ ಬೇಸಿಗೆಯಲ್ಲಿ ಕಲ್ಲಿನಂತೆ ಗಟ್ಟಿಯಾಗಿ, ಬಿದ್ದ ಹುಡುಗರ ಮೊಣಕಾಲಿನ ಚರ್ಮವನ್ನು ಸುಲಿಯುತ್ತದೆ. ಪಂದ್ಯಕ್ಕೆ ಬಹಳ ಮೊದಲೇ, ನೋಡುವವರು ಯಾರೂ ಇಲ್ಲದ ಬೆಳಗಿನ ಹೊತ್ತಿನಲ್ಲಿ, ಶಿಷ್ಯನು ಬೀಳಲಿರುವ ನೆಲವನ್ನು ಸನಿಕೆ ಹಿಡಿದು ಮೆತ್ತಗೆ ಮಾಡಿಸಿದ ವಸ್ತಾದಿಗೆ ತನ್ನ ಕೆಲಸ ಏನೆಂಬುದು ಗೊತ್ತಿತ್ತು.